ಹೆಗಲ ಕೆಳಗೆ ನಾಲ್ಕು ಕೌದಿ

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಊರಿನಲ್ಲಿ ನನಗಿರುವ ಹೆಸರು ಒಂದೇ: ಬೇಹೋಶ್ ಮಾಡೋ ಬಾಯಾರು, ಅಂದರೆ ಎಚ್ಚರ ತಪ್ಪಿಸುವ ಡಾಕ್ಟರಮ್ಮ. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ ಎಂದು ವಾರವನ್ನು ಹಂಚಿಕೊಂಡು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅರಿವಳಿಕೆ ಕೊಡುತ್ತ ತಿರುಗತೊಡಗಿ ಇಪ್ಪತ್ತು ವರ್ಷ ದಾಟಿತು. ಆಪರೇಷನ್ ಮಾಡಿದ ಸರ್ಜನ್ನರಿಗೆ ಜನ ಪೇಡೆ ತಂದುಕೊಡುತ್ತಾರೆ, ಶಾಲು ಹೊದಿಸುತ್ತಾರೆ. ನನ್ನ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಕಣ್ಣು ಮುಚ್ಚುವಾಗ ಅವರ ತಲೆಯ ಹತ್ತಿರ ನಿಂತಿದ್ದವಳು ಅವರು ಪೂರ್ತಿ ಕಣ್ಣು ಬಿಡುವಷ್ಟರಲ್ಲಿ ಮತ್ತೊಬ್ಬರ ತಲೆಯ ಹತ್ತಿರ ಇರುತ್ತಾಳೆ. ಮೊದಮೊದಲು ಇದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದೆ. ಈಗ ರೂಢಿಯಾಗಿದೆ.

ಮಲಗಿಸುವುದು ನನ್ನ ಕೆಲಸದಲ್ಲಿ ಸುಲಭದ ಭಾಗ. ಔಷಧಿ ರಕ್ತನಾಳಕ್ಕೆ ಹೋದರೆ ಎಂಥ ಜಗಮೊಂಡನೂ ಮಗುವಾಗುತ್ತಾನೆ. ಕಷ್ಟದ್ದು ಅದರ ನಂತರದ್ದು. ಮೈಯ ಸ್ನಾಯುಗಳನ್ನು ಸಡಿಲು ಮಾಡುವ ಔಷಧಿ ಕೊಟ್ಟ ಕೂಡಲೇ ರೋಗಿಯ ಉಸಿರು ನಿಲ್ಲುತ್ತದೆ. ಗಂಟಲಿನೊಳಗೆ, ಉಸಿರಿನ ಕೊಳವೆಯೊಳಗೆ, ನಾನು ನಳಿಕೆ ಇಳಿಸುವವರೆಗೆ ಆ ಜೀವದ ಉಸಿರು ನನ್ನ ಕೈಯಲ್ಲಿ. ತೆಳ್ಳಗಿನವರಾದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬಹಳ ದಪ್ಪ ಇರುವವರದು ಬೇರೆಯೇ ಕಥೆ. ಕತ್ತು ಗಿಡ್ಡ, ನಾಲಿಗೆ ಭಾರ, ಎದೆಯ ಮೇಲೆ ತಮ್ಮದೇ ಮೈಯ ಹೊರೆ. ಎಷ್ಟು ಆಕ್ಸಿಜನ್ ತುಂಬಿಟ್ಟರೂ ಬೇಗ ಖಾಲಿ. ಉಳಿದವರ ವಿಷಯದಲ್ಲಿ ನಮಗೆ ಸಿಗುವ ಸಮಯ ಇವರ ವಿಷಯದಲ್ಲಿ ಸಿಗುವುದಿಲ್ಲ.

ನಳಿಕೆ ಇಳಿಸಲು ದಾರಿ ಕಾಣಬೇಕು. ದಾರಿ ತೋರಿಸುವ ಸಾಧನಕ್ಕೆ ಲಾರಿಂಗೋಸ್ಕೋಪ್ ಎನ್ನುತ್ತಾರೆ. ನನ್ನದು ಹಳೆಯದು: ಕೈಹಿಡಿಯಲ್ಲಿ ಬ್ಯಾಟರಿ, ಮುಂದೆ ಬಾಗಿದ ಲೋಹದ ಅಲಗು, ತುದಿಗೊಂದು ಪುಟ್ಟ ದೀಪ. ಅದರಿಂದ ನಾಲಿಗೆ ಎತ್ತಿ, ಬಗ್ಗಿ, ನಮ್ಮ ಕಣ್ಣಿನಿಂದಲೇ ಒಳಗೆ ನೋಡಬೇಕು. ಕಾಲೇಜು ಬಿಟ್ಟ ವರ್ಷ ಕೊಂಡದ್ದು. ಹಿಡಿಕೆಯ ಮೇಲಿನ ಗೀರುಗಳು ನನ್ನ ಬೆರಳಿನ ಲೆಕ್ಕಕ್ಕೆ ಸವೆದಿವೆ. ಅದರ ಬಗ್ಗೆ ನನಗೆ ಕೊಬ್ಬು ಇತ್ತು, ಸುಳ್ಳು ಹೇಳುವುದಿಲ್ಲ. ಬೇರೆಯವರಿಂದ ಆಗದ್ದನ್ನು ನಾನು ಅದರಿಂದ ಮಾಡಿ ತೋರಿಸಿದ್ದೆ.

ಆಮೇಲೆ ಹೊಸದು ಬಂತು. ಅಲಗಿನ ತುದಿಯಲ್ಲಿ ಕ್ಯಾಮೆರಾ, ಹಿಡಿಕೆಯ ಮೇಲೆ ಅಂಗೈಯಗಲದ ಪರದೆ. ಬಗ್ಗಿ ಇಣುಕುವುದೇ ಬೇಡ, ಗಂಟಲು ತಾನಾಗಿ ಪರದೆಯಲ್ಲಿ ಕಾಣುತ್ತದೆ. ನಮ್ಮ ಥಿಯೇಟರಿನವರು ಅದಕ್ಕೆ ನೋಡಿದ ದಿನವೇ ‘ಟಿವಿ’ ಎಂದು ಹೆಸರಿಟ್ಟರು. ನನಗೆ ಕಲಿಸಿದ್ದ ಹಿರಿಯ ವೈದ್ಯರೊಬ್ಬರು ಅದನ್ನು ಕೆಲವು ತಿಂಗಳ ಮಟ್ಟಿಗೆ ಕೊಡಿಸಿ, “ಮೂರು ಊರಿಗೂ ಒಯ್ಯು. ದಪ್ಪ ಮೈಯವರಿಗೆ ಹಳೆಯದು ವಾಸಿಯೋ ಇದು ವಾಸಿಯೋ, ಹೋಲಿಸಿ ಬರೆದುಕೊಡು. ಆಮೇಲೆ ಇಟ್ಟುಕೊಳ್ಳುವ ಮಾತು” ಎಂದರು. ಟಿವಿ ನೋಡಿಕೊಂಡು ನಳಿಕೆ ಹಾಕುವವರ ಕೈ ಸೋಮಾರಿಯಾಗುತ್ತದೆ ಎಂಬುದು ನನ್ನ ವಾದ. ಅದನ್ನು ಬರೆದು ತೋರಿಸಿಯೇಬಿಡೋಣ ಎಂದು ಒಪ್ಪಿಕೊಂಡೆ.

ನನಗೆ ಇಷ್ಟ ಬಂದದ್ದನ್ನು ಇಷ್ಟ ಬಂದವರಿಗೆ ಬಳಸಿದರೆ ಹೋಲಿಕೆ ಆಗುವುದಿಲ್ಲ. ಅದಕ್ಕೆ ಚೀಟಿ ಎತ್ತಬೇಕು. ಆಳಂದದ ಥಿಯೇಟರಿನಲ್ಲಿ ನನಗಿಂತ ಮೊದಲಿನಿಂದ ಇರುವ ಸಹಾಯಕರೊಬ್ಬರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಸರ್ಜನ್ ಕೈ ಚಾಚುವ ಮೊದಲೇ ಕತ್ತರಿ ಮುಂದಿಡುವ ಮನುಷ್ಯ. ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ಕುಲುಕಿ, ರೋಗಿಯ ಒಪ್ಪಿಗೆ ಸಹಿಯಾದ ಮೇಲೆ ಒಂದನ್ನು ಎತ್ತಿ, ಹಳೆಯದಕ್ಕೆ ‘ಪುರಾನಾ’, ಹೊಸದಕ್ಕೆ ‘ಟಿವಿ’ ಎಂದು ಕೂಗುವುದು ಅಲ್ಲಿ ಅವರ ಪಾಲಿನ ಕೆಲಸವಾಯಿತು. ಮೊದಲ ಸಾಧನ ಎರಡು ಸಲ ಸೋತರೆ ಇನ್ನೊಂದನ್ನು ಹಿಡಿಯಬೇಕು ಎಂಬುದು ನಿಯಮ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕಂಡಿತು, ಹಲ್ಲು ತುಟಿಗೆ ಪೆಟ್ಟಾಯಿತೇ ಎಂದು ನಾನು ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಎಡಕ್ಕೆ ಹಳೆಯದರ ಕಾಲಂ, ಬಲಕ್ಕೆ ಟಿವಿಯದು. ಮೂರು ಊರಿನ ನಡುವಿನ ಆ ಕಪ್ಪು ಹೊಲಗಳ ದಾರಿಯಲ್ಲಿ, ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ, ಯಾವ ಕಾಲಂ ಗೆಲ್ಲುತ್ತಿದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಹೀಗೆ ನಡೆಯುತ್ತಿರುವಾಗ ನಿಂಬರ್ಗಾದಿಂದ ಆಕೆ ಆಳಂದದ ಆಸ್ಪತ್ರೆಗೆ ಬಂದಳು.

ನಲವತ್ತು ದಾಟಿದ್ದ ಹೆಂಗಸು. ಗಂಡ ಇಲ್ಲ. ಜೋಳದ ರೊಟ್ಟಿ ಬಡಿದು ಮಾರಿ ಬದುಕುವವಳು. ನಾನು ಈ ಕೆಲಸದಲ್ಲಿ ಕಂಡ ಅತ್ಯಂತ ದಪ್ಪ ದೇಹಗಳಲ್ಲಿ ಅವಳದೂ ಒಂದು. ಹೊಕ್ಕುಳಿನ ಹತ್ತಿರ ಹೊಟ್ಟೆಯ ಗೋಡೆ ಹರಿದು ಕರುಳು ಹೊರಗೆ ಉಬ್ಬಿತ್ತು. ಆ ಕರುಳು ಎರಡು ಸಲ ಸಿಕ್ಕಿಕೊಂಡು, ಅವಳು ಹೊರಳಾಡಿ ಅತ್ತ ಮೇಲೆ ತಾನಾಗಿ ಒಳಗೆ ಜಾರಿತ್ತು. ಮೂರನೆಯ ಸಲ ಸಿಕ್ಕಿಕೊಂಡು ಜಾರದೇ ಹೋದರೆ ಕರುಳು ಸಾಯುತ್ತದೆ, ಅದರ ಹಿಂದೆ ಅವಳೂ. ದೊಡ್ಡ ಆಸ್ಪತ್ರೆಗಳಲ್ಲಿ ಎರಡು ಕಡೆ, ಮೈ ಇಳಿಸಿಕೊಂಡು ಬಾ ಎಂದು ಕಳಿಸಿದ್ದರು.

“ಒಪ್ಪತ್ತು ಉಂಡು ನೋಡಿದೆನ್ರಿ ಬಾಯಾರ,” ಎಂದಳು. “ಮೈ ಇಳೀಲಿಲ್ಲ, ಸಿಟ್ಟು ಏರಿತು.”

ನಮ್ಮ ತೂಕದ ಯಂತ್ರದ ಮುಳ್ಳು ಅವಳನ್ನು ತೂಗಲಾರದೆ ಕೊನೆಗೆ ಹೋಗಿ ಕುಳಿತಿತು. ಔಷಧಿಯ ಅಳತೆಗೆ ನನಗೆ ತೂಕ ಬೇಕೇಬೇಕು. ನಾನು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಅವಳೇ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕಾಂಟಾದ ಮೇಲೆ, ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ನಿಂತು ಬಂದಿದ್ದಳಂತೆ. ಅಷ್ಟು ಹೊತ್ತೂ ಅತ್ತೆ ಅಂಗಡಿಯ ಬಾಗಿಲಲ್ಲಿ ಕಾವಲು ನಿಂತಿದ್ದರಂತೆ. ಅದನ್ನವಳು ನಗುತ್ತಲೇ ಹೇಳಿದಳು. ನಾನು ನಗಲಿಲ್ಲ, ಚೀಟಿಯನ್ನು ಕೇಸ್ ಪೇಪರಿಗೆ ಅಂಟಿಸಿದೆ.

ಅವಳ ಜೊತೆ ಇಬ್ಬರು ಬಂದಿದ್ದರು. ಒಬ್ಬರು ಆ ಅತ್ತೆ, ಒಣಗಿದ ಹತ್ತಿಕಟ್ಟಿಗೆಯ ಹಾಗಿದ್ದ ಸಣ್ಣ ಮುದುಕಿ. ಇನ್ನೊಬ್ಬ ಮುದುಕಿಯ ಹಿರಿಯ ಮಗ, ಅಂದರೆ ಆಕೆಯ ಭಾವ. ಕಾಗದಗಳಿಗೆ ಸಹಿ ಹಾಕುವವನು ಆತನೇ, ಆದ್ದರಿಂದ ಕುರ್ಚಿಯಲ್ಲಿ ಕುಳಿತವನೂ ಆತನೇ. ಹೆಂಗಸರಿಬ್ಬರೂ ನಿಂತಿದ್ದರು. ನಾನು ಪರೀಕ್ಷೆ ಶುರು ಮಾಡಿದೆ. ಬಾಯಿ ತೆಗೆಸಿದೆ, ಕತ್ತು ಹಿಂದಕ್ಕೆ ಬಗ್ಗಿಸಿದೆ, ಗದ್ದದಿಂದ ಗಂಟಲಿನವರೆಗೆ ಬೆರಳಿಟ್ಟು ಅಳೆದೆ. ಭಾವ ಎದುರಿಗಿದ್ದನೆಂದು ಅವಳು ಸೆರಗು ಹಲ್ಲಲ್ಲಿ ಕಚ್ಚಿಕೊಂಡೇ ಇದ್ದಳು. ಬಾಯಿ ತೆಗೆಸಲು ಎರಡು ಸಲ ಗದರಬೇಕಾಯಿತು.

ಆಮೇಲೆ ದಪ್ಪ ಮೈಯವರನ್ನು ತಪ್ಪದೇ ಕೇಳಬೇಕಾದ ಪ್ರಶ್ನೆ ಕೇಳಿದೆ. “ಮಲಗಿದಾಗ ಗೊರಕಿ ಹೊಡೀತೀಯೇನು? ನಡುವ ಉಸಿರು ನಿಂತಂಗ ಆಗ್ತದೇನು?”

ಅವಳು ನೆಲ ನೋಡಿದಳು. ಅತ್ತೆ ಸೊಸೆಯನ್ನು ನೋಡಿದರು, ಕುರ್ಚಿಯಲ್ಲಿದ್ದ ಮಗನನ್ನು ನೋಡಿದರು.

“ಇಲ್ರಿ ಬಾಯಾರ,” ಎಂದರು ಅತ್ತೆ. “ನಮ್ಮ ಸೊಸಿಗಿ ಹಂಗೆಲ್ಲ ಏನೂ ಇಲ್ರಿ.”

ನಾನು ‘ಇಲ್ಲ’ ಎಂದು ಬರೆದುಕೊಂಡೆ. ಅಷ್ಟು ದಪ್ಪ ಕತ್ತಿನ ಹೆಂಗಸು ಗೊರಕೆ ಹೊಡೆಯುವುದಿಲ್ಲ ಎಂದರೆ ನಂಬಬಾರದಿತ್ತು. ಆದರೆ ಹೊರಗೆ ಇನ್ನೂ ಆರು ಜನ ಕುಳಿತಿದ್ದರು, ಊಟದ ಹೊತ್ತು ಮೀರಿತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಇವಳನ್ನು ಬೇರೆ ಕಡೆಗೆ ಕಳಿಸೋಣವೇ ಎಂದು ಸರ್ಜನ್ ನನ್ನನ್ನು ಕೇಳಿದ್ದರು. ನಾನು ಬೇಡ, ಇಲ್ಲೇ ಮಾಡೋಣ ಎಂದೆ. ಮೂರನೆಯ ಸಲ ಕರುಳು ಸಿಕ್ಕಿಕೊಂಡರೆ ಕಷ್ಟ ಎಂಬುದು ಕಾರಣ ಹೌದು. ನನ್ನ ನೋಟುಬುಕ್ಕಿಗೆ ಇಂಥದೊಂದು ಕೇಸ್ ಬೇಕಿತ್ತು ಎಂಬುದೂ ಕಾರಣ.

ಎರಡೂ ಸಾಧನಗಳನ್ನು ತೋರಿಸಿ, ಚೀಟಿಯ ವಿಷಯ ಹೇಳಿ, ಒಪ್ಪಿಗೆ ಕೇಳಿದೆ. ಅವಳು ಟಿವಿಯನ್ನು ಮುಟ್ಟಿ ನೋಡಿದಳು. “ನಿಮ್ಮ ಕೈಗಿ ಯಾವ್ದು ಒಗ್ಗೇದ ಅದನ್ನ ಮಾಡ್ರಿ. ನಂಗ ಎಚ್ಚರ ಆದ್ರ ಸಾಕು,” ಎಂದಳು.

ಮುಂದಿನ ಸೋಮವಾರ ನಾನು ಥಿಯೇಟರಿನ ಮುಂದೆ ಬಂದಾಗ ಬಾಗಿಲಿಗೆ ಅಡ್ಡವಾಗಿ ಒಂದು ಬಟ್ಟೆಯ ಗುಡ್ಡ ಇತ್ತು. ಕೌದಿಗಳು. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಕೈಯಿಂದ ಹೊಲಿದ ದಪ್ಪ ಕೌದಿಗಳು, ಮಡಿಸಿ ಒಂದರ ಮೇಲೊಂದು ಪೇರಿಸಿದ್ದವು. ಪಕ್ಕದಲ್ಲಿ ಮುದುಕಿ ನಿಂತಿದ್ದರು.

“ಇದೇನ್ರಿ ಇದು?” ಎಂದೆ.

“ಅಕೀಗಿ ಬೇಕಾಗ್ತಾವ್ರಿ ಬಾಯಾರ. ಒಳಗ ಒಯ್ರಿ. ಒಗದು ಬಿಸಿಲಿಗಿ ಹಾಕಿ ತಂದೇನಿ.”

ನನಗೆ ರೇಗಿತು. ಹೊರಗಿನ ಚಪ್ಪಲಿಯನ್ನೂ ಒಳಗೆ ಬಿಡದ ಜಾಗಕ್ಕೆ ಹಾಸಿಗೆ ಹೊತ್ತು ಬಂದಿದ್ದಾರೆ! “ಇದೇನು ಆಪರೇಷನ್ ಥಿಯೇಟರ್ರೋ, ನಿಮ್ಮ ಪಡಸಾಲಿಯೋ? ಎತ್ತರಿ ಮೊದಲ. ಒಂದು ಮಾತು ತಿಳಿಯೂದಿಲ್ಲಲ್ಲ ನಿಮಗ!” ಎಂದು ಎಲ್ಲರ ಎದುರಿಗೆ ಕೂಗಾಡಿದೆ. ಮುದುಕಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಮಗ ಔಷಧಿಯ ಚೀಲ ಹಿಡಿದು ಅಲ್ಲಿಗೆ ಬಂದ. ಮುದುಕಿ ಬಾಯಿ ಮುಚ್ಚಿದರು. ಕೌದಿಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸಿ ಅವುಗಳ ಮೇಲೆಯೇ ಕುಳಿತರು.

ಒಳಗೆ ಚಾಚಾ ಡಬ್ಬಿ ಕುಲುಕಿ ಚೀಟಿ ಎತ್ತಿದರು. “ಪುರಾನಾ.” ನನಗೆ ಒಳಗೊಳಗೇ ಖುಷಿಯಾಯಿತು.

ಅವಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆವು, ತಲೆಗೆ ಒಂದು ತೆಳು ದಿಂಬು. ಮಲಗಿದ ಕೂಡಲೇ ಅವಳ ಮುಖ ಬಿಗಿಯಿತು, ಏಳಲು ನೋಡಿದಳು. ಹೆದರಿಕೆ ಎಂದುಕೊಂಡು ನಾನು ಭುಜ ಒತ್ತಿ ಹಿಡಿದು, ಮುಖಕ್ಕೆ ಆಕ್ಸಿಜನ್ನಿನ ಮಾಸ್ಕ್ ಇಟ್ಟು, ಜೋರಾಗಿ ಉಸಿರು ತಗೋ ಎಂದೆ. ಅವಳ ಕಣ್ಣು ನನ್ನ ಕಣ್ಣಿನಲ್ಲೇ ನೆಟ್ಟಿತ್ತು. ಔಷಧಿ ಹೋಯಿತು, ಕಣ್ಣು ಮುಚ್ಚಿತು, ಉಸಿರು ನಿಂತಿತು.

ಮಾಸ್ಕಿನಿಂದ ಗಾಳಿ ಒತ್ತಿದೆ. ಎದೆ ಸರಿಯಾಗಿ ಏಳಲಿಲ್ಲ. ನನ್ನ ಹಳೆಯ ಅಲಗನ್ನು ಬಾಯಿಗೆ ಹಾಕಹೋದರೆ ಹಿಡಿಕೆ ಅವಳ ಎದೆಗೆ ತಾಗಿ ಒಳಗೇ ಹೋಗದು. ಓರೆಯಾಗಿ ಹಾಕಿ ತಿರುಗಿಸಿದೆ. ನಾಲಿಗೆ ಎತ್ತಿದೆ, ಮತ್ತಷ್ಟು ಎತ್ತಿದೆ. ಬರೀ ಕೆಂಪು ಮಾಂಸ, ದಾರಿ ಇಲ್ಲ. ಹೊರತೆಗೆದು ಗಾಳಿ ಒತ್ತಿ ಮತ್ತೊಮ್ಮೆ ನೋಡಿದೆ. ಇಲ್ಲ. ಬೆರಳಿಗೆ ಸಿಕ್ಕಿಸಿದ ಯಂತ್ರ ನಾಡಿಯ ಜೊತೆ ಬೀಪ್ ಎನ್ನುತ್ತಿರುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಅದರ ಸ್ವರವೂ ಇಳಿಯುತ್ತದೆ. ಆ ಸ್ವರ ಇಳಿಯತೊಡಗಿತು.

“ಟಿವಿ,” ಎಂದೆ. ಚಾಚಾ ಆಗಲೇ ಕೈಯಲ್ಲಿ ಹಿಡಿದಿದ್ದರು.

ಟಿವಿಯಲ್ಲಿ ಕಂಡಿತು. ಪರದೆಯ ನಡುವೆ, ಬೆಳ್ಳನೆಯ ಎರಡು ಎಳೆಗಳ ಮಧ್ಯೆ, ಉಸಿರಿನ ದಾರಿ ಸ್ಪಷ್ಟವಾಗಿ ಕಂಡಿತು. ನಳಿಕೆ ಇಳಿಸಿದೆ. ಬಲಕ್ಕೆ ಬಡಿಯಿತು. ಹಿಂದೆಗೆದು ಇಳಿಸಿದೆ, ಕೆಳಗೆ ಜಾರಿತು. ಕಣ್ಣಿಗೆ ಕಾಣುತ್ತಿದೆ, ಕೈಗೆ ಎಟುಕುತ್ತಿಲ್ಲ. ಅವಳ ತುಟಿ ನೀಲಿಯಾಗುತ್ತಿತ್ತು. ಅವಳು ಸಾಯುತ್ತಾಳೆ ಎಂದು ನನಗೆ ಅನ್ನಿಸಿತು. ನಾನು ಇವಳನ್ನು ಬೇರೆ ಕಡೆಗೆ ಕಳಿಸಬಹುದಿತ್ತು ಎಂದೂ ಅನ್ನಿಸಿತು.

ಎಲ್ಲ ತೆಗೆದು ಎರಡೂ ಕೈಯಿಂದ ಮಾಸ್ಕ್ ಒತ್ತಿ ಹಿಡಿದೆ. ಸರ್ಜನ್ ಬಂದು ಗಾಳಿಯ ಚೀಲ ಹಿಂಡಿದರು. ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಆಗ ಚಾಚಾ ನನ್ನನ್ನು ಕೇಳದೆ ಬಾಗಿಲು ತೆರೆದು ಹೊರಗೆ ಮುದುಕಿಯ ಹತ್ತಿರ ಹೋದರು. ಮರುಕ್ಷಣ ತೋಳಿನ ತುಂಬ ಕೌದಿ ಹೊತ್ತು ಒಳಗೆ ಬಂದರು. ಹಿಂದೆಯೇ ವಾರ್ಡಿನ ಇಬ್ಬರು.

“ಮೇಡಂ, ಮುದುಕಿ ಹೇಳ್ಯಾಳ,” ಎಂದರು ಚಾಚಾ ಏದುಸಿರಿನಲ್ಲಿ. “ಬರೇ ತಲಿ ಬುಡಕ ಬ್ಯಾಡಂತ. ಹೆಗಲ ಬುಡಕ ಹಾಕ್ಬೇಕಂತ, ಇಳಿಜಾರು ಮಾಡಿ. ಗದ್ದ ಮ್ಯಾಲ ಬಂದ್ರ ಉಸರು ಬರ್ತದಂತ.”

ಅದು ನಮ್ಮ ಪಾಠದಲ್ಲಿ ಇರುವ ಮಾತು. ದಪ್ಪ ಮೈಯವರ ಬೆನ್ನು, ಹೆಗಲು, ತಲೆಯನ್ನು ಇಳಿಜಾರಾಗಿ ಎತ್ತಬೇಕು, ಕಿವಿ ಎದೆಯ ಮೂಳೆಯ ಮಟ್ಟಕ್ಕೆ ಬರಬೇಕು. ನನಗೆ ಗೊತ್ತಿತ್ತು. ಪಾಠ ಹೇಳಿಯೂ ಇದ್ದೆ. ಯಾವ ಅಲಗು ಗೆಲ್ಲುತ್ತದೆ ಎಂಬ ಹುಚ್ಚಿನಲ್ಲಿ ಒಂದು ತೆಳು ದಿಂಬಿಟ್ಟು ಸುಮ್ಮನಾಗಿದ್ದೆ.

ಐದು ಜನ ಸೇರಿ ಅವಳನ್ನು ಎತ್ತಿದೆವು. ಥಿಯೇಟರಿನ ಹಸಿರು ಬಟ್ಟೆ ಎಳೆದು ಸುತ್ತಿ, ಕೌದಿಗಳನ್ನು ಚಾಚಾ ಬೆನ್ನಿನ ಕೆಳಗೆ, ಹೆಗಲ ಕೆಳಗೆ, ತಲೆಯ ಕೆಳಗೆ ಮೆಟ್ಟಿಲಿನಂತೆ ತುರುಕಿದರು. ನಾಲ್ಕು ಹಿಡಿದವು. ಎದೆಯ ಹೊರೆ ಕೆಳಗೆ ಸರಿಯಿತು, ಗದ್ದ ಮೇಲೆ ಬಂತು, ಮಾಸ್ಕಿನ ಗಾಳಿಗೆ ಎದೆ ಎದ್ದಿತು. ಬೀಪಿನ ಸ್ವರ ಒಂದೊಂದೇ ಮೆಟ್ಟಿಲು ಹತ್ತಿತು. ಅದು ಪೂರ್ತಿ ಮೇಲೆ ಬರುವವರೆಗೆ ಕಾದು, ಟಿವಿ ಹಾಕಿದೆ, ನಳಿಕೆ ಒಂದೇ ಸಲಕ್ಕೆ ಇಳಿಯಿತು. ಸರ್ಜನ್ ಕೈ ತೊಳೆಯಲು ಮತ್ತೆ ಹೋದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಪೂರ್ತಿ ಎಚ್ಚರವಾಗುವವರೆಗೆ ನಳಿಕೆ ತೆಗೆಯಲಿಲ್ಲ. ಅದೇ ಕೌದಿಗಳಿಗೆ ಒರಗಿಸಿಯೇ ಪಕ್ಕದ ಕೋಣೆಗೆ ಸಾಗಿಸಿದೆವು. ಆಮೇಲೆ ನಾನೇ ಹೊರಗೆ ಹೋಗಿ ಮುದುಕಿಯನ್ನು ಕರೆದುಕೊಂಡು ಬಂದೆ. ಮಗನೂ ಎದ್ದು ನಿಂತ. ನೀವು ಇಲ್ಲೇ ಇರಿ ಎಂದೆ.

ಮುದುಕಿ ಒಳಗೆ ಬಂದವರೇ ಸೊಸೆಯ ತಲೆಯ ಹತ್ತಿರ, ಸರಿಯಾಗಿ ನಾನು ನಿಲ್ಲುವ ಜಾಗದಲ್ಲಿ, ನಿಂತರು. ಎರಡು ಬೆರಳನ್ನು ದವಡೆಯ ಮೂಲೆಯ ಹಿಂದೆ ಇಟ್ಟು ಗದ್ದವನ್ನು ಮುಂದಕ್ಕೆ ಎತ್ತಿ ಹಿಡಿದರು. ಆ ಹಿಡಿತವನ್ನು ಕಲಿಯಲು ನನ್ನ ಹತ್ತಿರ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ವಾರಗಟ್ಟಲೆ ಬೇಕಾಗುತ್ತದೆ.

“ಯಾರು ಕಲಿಸಿದರು ಇದನ್ನ?” ಎಂದೆ.

“ಯಾರು ಕಲಸ್ತಾರ್ರಿ? ಅಕಿ ಗಂಡ, ನನ್ನ ಸಣ್ಣ ಮಗ ತೀರಿದ ಮ್ಯಾಲ ಇಬ್ರೂ ಒಂದ ಕಡಿ ಮಕ್ಕೋತೀವಿ. ಗೊರಕಿ ಹೊಡೀತಾಳ್ರಿ, ಹೊಡೀತಾಳ್ರಿ, ಒಮ್ಮಿಗೇ ಸುಮ್ಮ ಆಗ್ತಾಳ. ಗೊರಕಿ ಹೊಡಿಯೂತನಕ ನಂಗ ನಿದ್ದಿ ಬರ್ತದ. ಸುಮ್ಮ ಆದ್ಳಂದ್ರ ಎಚ್ಚರ ಆಗ್ತದ. ಎದ್ದು ಹಿಂಗ ಗದ್ದ ಎತ್ತತೇನಿ. ಆಗ ಉಸರು ಬರ್ತದ.”

“ಎಷ್ಟು ವರ್ಷ ಆತು?”

“ಹನ್ನೊಂದು.”

“ಮತ್ತ ಅವತ್ತು ನಾ ಕೇಳಿದಾಗ ಇಲ್ಲ ಅಂದ್ರೆಲ್ಲ!”

ಮುದುಕಿ ಕೈ ತೆಗೆಯದೆಯೇ ನನ್ನ ಕಡೆ ತಿರುಗಿದರು. “ನನ್ನ ಹಿರಿ ಮಗ ಕುಂತಿದ್ನಲ್ರಿ. ಭಾವನ ಮುಂದ ಅಕಿ ಗೊರಕಿ ಮಾತು ಹೆಂಗ ಆಡ್ಲಿರಿ? ಅಫಜಲಪುರದಾಗ ಒಂದು ಮದಿವಿಗಿ ಹೋದಾಗ ಹೆಣ್ಮಕ್ಳೆಲ್ಲ ಕೂಡಿ ನಕ್ಕಿದ್ರು. ಅವತ್ತಿಂದ ಅಕಿ ಯಾರ ಮನ್ಯಾಗೂ ವಸ್ತಿ ಇರಂಗಿಲ್ಲ. ಅದಕ್ಕ ಬಾಯಿಲೆ ಹೇಳ್ಲಿಲ್ಲ. ಕೌದಿ ತಂದೆ. ನೋಡಿದ್ರ ನಿಮಗ ತಿಳೀತದ ಅಂದ್ಕೊಂಡೆ.”

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಒಂದು ಮಾತು ತಿಳಿಯುವುದಿಲ್ಲ ನಿಮಗೆ ಎಂದು ನಾನು ಕೂಗಾಡಿದ್ದು ಈ ಹೆಂಗಸಿನ ಮೇಲೆ. ತಪ್ಪಾಯಿತು ಎಂದೆ. ಮುದುಕಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ಸೊಸೆಯ ಹಣೆಯ ಬೆವರು ಒರೆಸುತ್ತಿದ್ದರು. ಆ ಹೊತ್ತಿಗೆ ಆಕೆ ಪೂರ್ತಿ ಕಣ್ಣು ಬಿಟ್ಟು, ಒಣಗಿದ ದನಿಯಲ್ಲಿ ನನ್ನನ್ನು ಹತ್ತಿರ ಕರೆದಳು.

“ಬಾಯಾರ, ಒಳಗ ಎಲ್ಲಾರ ಮುಂದ ಗೊರಕಿ ಹೊಡದೆನೇನ್ರಿ?”

“ಇಲ್ಲವ್ವಾ. ಒಂದು ಸದ್ದೂ ಇಲ್ಲ,” ಎಂದೆ. ನಳಿಕೆ ಒಳಗಿದ್ದಾಗ ಯಾರೂ ಗೊರಕೆ ಹೊಡೆಯುವುದಿಲ್ಲ, ಹಾಗಾಗಿ ಅದು ಸುಳ್ಳಲ್ಲ.

ಮನೆಗೆ ಕಳಿಸುವ ದಿನ ನಾನು ಇಬ್ಬರನ್ನೂ ಕೂರಿಸಿಕೊಂಡು, ನಿದ್ದೆಯಲ್ಲಿ ಉಸಿರು ನಿಲ್ಲುವುದು ಕಾಯಿಲೆ, ಕಲಬುರಗಿಗೆ ಹೋಗಿ ಪರೀಕ್ಷೆ ಮಾಡಿಸಬೇಕು, ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಗಾಳಿಯ ಯಂತ್ರ ಬರುತ್ತದೆ ಎಂದು ವಿವರಿಸಿದೆ. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕರು. “ಮಷೀನ್ ಯಾಕ್ರಿ ಬಾಯಾರ? ಎಬ್ಬಸಾಕ ನಾ ಅದೇನಲ್ರಿ.” ಸೊಸೆ ನಕ್ಕಳು, ನಾನೂ ನಕ್ಕೆ. ಆ ಮುದುಕಿಗೆ ಎಪ್ಪತ್ತೈದಾದರೂ ಆಗಿತ್ತು. ನಾನು ನಗಬಾರದಿತ್ತು. ಹಟ ಹಿಡಿಯಬೇಕಿತ್ತು.

ನೋಟುಬುಕ್ಕಿನಲ್ಲಿ ಆ ದಿನದ ಸಾಲು ಬಹಳ ದಿನ ಖಾಲಿ ಇತ್ತು. ಎಡಕ್ಕೆ ಬರೆದರೂ ಸುಳ್ಳು, ಬಲಕ್ಕೆ ಬರೆದರೂ ಪೂರ್ತಿ ನಿಜವಲ್ಲ. ಕೊನೆಗೆ ಅಂಚಿನಲ್ಲಿ ‘ಕೌದಿ, ನಾಲ್ಕು, ಹೆಗಲ ಕೆಳಗೆ’ ಎಂದು ಬರೆದೆ. ವರದಿ ಕೊಡುವಾಗ ನನ್ನ ಹಟ ಬಿಟ್ಟು ಬರೆದೆ: ದಪ್ಪ ಮೈಯವರಲ್ಲಿ ಟಿವಿ ಹೆಚ್ಚು ತೋರಿಸುತ್ತದೆ, ನನ್ನ ಹಳೆಯದು ಕಡಿಮೆ. ತೋರಿಸಿದ ಮಾತ್ರಕ್ಕೆ ನಳಿಕೆ ಹೋಗುತ್ತದೆಂದಲ್ಲ, ನಳಿಕೆಯೊಳಗೆ ಅದನ್ನು ಬಾಗಿಸಿ ಹಿಡಿಯುವ ತಂತಿ ಇರಬೇಕು, ಕೈ ಪಳಗಿರಬೇಕು. ಎರಡಕ್ಕೂ ಮೊದಲು ರೋಗಿಯನ್ನು ಇಳಿಜಾರಾಗಿ ಮಲಗಿಸಬೇಕು. ಅದಕ್ಕೂ ಮೊದಲು, ರೋಗಿಯ ಪಕ್ಕದಲ್ಲಿ ಮಲಗುವವರನ್ನು ಒಬ್ಬರನ್ನೇ ಕರೆದು ಕೇಳಬೇಕು. ಜೊತೆಗೆ ಕಳಿಸಿದ್ದ ನೋಟುಬುಕ್ಕನ್ನೂ ಓದಿದ ಹಿರಿಯರು ಫೋನ್ ಮಾಡಿ, “ಕೌದಿ ಅಂದರೇನು, ಹೊಸ ಕಂಪನಿಯೇ?” ಎಂದು ತಮಾಷೆ ಮಾಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಟಿವಿ ಆಳಂದದಲ್ಲೇ ಇರಲಿ ಎಂದರು.

ಈಗ ಮೂರು ಊರಿನಲ್ಲೂ ನಾನು ಮೊದಲು ಗಂಡಸರನ್ನು ಹೊರಗೆ ಕಳಿಸುತ್ತೇನೆ. ಗೊರಕೆ ಎಂಬ ಮಾತೇ ಎತ್ತುವುದಿಲ್ಲ. “ನಿಮಗೆ ಯಾವಾಗಾದರೂ ಇವರನ್ನು ತಟ್ಟಿ ಎಬ್ಬಿಸಬೇಕು ಅನ್ನಿಸೇದೇನು?” ಎಂದು ಕೇಳುತ್ತೇನೆ. ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಪಕ್ಕದವರ ಉಸಿರು ಕಾಯುತ್ತ ಮಲಗಿರುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಮರುವರ್ಷ ಚಳಿಗಾಲದ ಒಂದು ಸೋಮವಾರ ಆಕೆ ಒಬ್ಬಳೇ ಬಂದಳು. ಕಂಕುಳಲ್ಲಿ ಮಡಿಸಿದ ಕೌದಿಗಳ ಗಂಟು. ಹೊಟ್ಟೆಯ ಗಾಯ ಮಾಗಿತ್ತು, ಮೈ ಹಾಗೆಯೇ ಇತ್ತು, ಕಣ್ಣು ಮಾತ್ರ ಕೆಂಪೇರಿದ್ದವು. ಅತ್ತೆ ಎಲ್ಲಿ ಎಂದು ಕೇಳಿದೆ.

“ಹೋದ್ರು ಬಾಯಾರ,” ಎಂದಳು. “ಹಿಂದಿನ ತಿಂಗಳ. ಘತ್ತರಗಿ ಗುಡಿಗಿ ಹೋಗಿ ತಾಯಿಗಿ ಉಡಿ ತುಂಬಿ ಬಂದು, ಉಂಡು, ಚಂದಾಗಿ ಮಾತಾಡಿ ಮಕ್ಕೊಂಡ್ರು. ನನ್ನ ಬಾಜೂಕ ಹೋದ್ರು. ನಾ ಗೊರಕಿ ಹೊಡಿಯಾಕತ್ತಿದ್ದೆ ಬಾಯಾರ. ನಂಗ ಗೊತ್ತ ಆಗ್ಲಿಲ್ಲ.”

ಅಷ್ಟು ದೊಡ್ಡ ಮೈ ಸ್ಟೂಲಿನ ಮೇಲೆ ಅಲುಗದೆ ಕುಳಿತಿತ್ತು. ಹನ್ನೊಂದು ವರ್ಷಕ್ಕೂ ಮೇಲೆ ಇವಳ ಉಸಿರು ನಿಂತಾಗಲೆಲ್ಲ ಆ ಮುದುಕಿ ಎದ್ದಿದ್ದರು. ಅವರ ಉಸಿರು ನಿಂತಾಗ ಏಳುವವರು ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ.

“ನಿದ್ದಿ?” ಎಂದೆ.

“ಕುಂತೇ ಮಾಡ್ತೇನಿ. ಮಕ್ಕೊಳಾಕ ಅಂಜಿಕಿ ಬರ್ತದ. ಸುಮ್ಮ ಆದ್ರ ಎಬ್ಬಸೋರು ಯಾರದಾರ? ಅವತ್ತು ಮಷೀನ್ ಅಂದಿದ್ರೆಲ್ಲ, ಅದ ಕೊಡಸ್ರಿ.”

ಯಂತ್ರ ಪಕ್ಕಾ ಕೊಡಿಸುವ ಮೊದಲು ಪರೀಕ್ಷೆಗಳು ಆಗಬೇಕು, ಅದಕ್ಕೆಲ್ಲ ದಿನ ಹಿಡಿಯುತ್ತದೆ. ಆದರೆ ಮಾದರಿಗೆಂದು ತಂದಿದ್ದ ಒಂದು ಯಂತ್ರ ನಮ್ಮ ಕಪಾಟಿನಲ್ಲಿತ್ತು. ಚಾಚಾ ಪಕ್ಕದ ಕೋಣೆಯ ಮಂಚದ ಮೇಲೆ ಅವಳ ಕೌದಿಗಳನ್ನು ಮೆಟ್ಟಿಲಿನಂತೆ ಜೋಡಿಸಿದರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಆಗ ಮಧ್ಯಾಹ್ನ ಹನ್ನೆರಡು. ನಾನು ಮೂಗಿನ ಮಾಸ್ಕಿನ ಪಟ್ಟಿ ಬಿಗಿದು, ಇನ್ನು ಮಲಗು ಎಂದೆ. ಅವಳು ಒರಗಿದಳು, ಕಣ್ಣು ಮುಚ್ಚಿದಳು, ತಟ್ಟನೆ ತೆರೆದು ನನ್ನ ಸೆರಗು ಹಿಡಿದಳು.

“ನಾ ಸುಮ್ಮ ಆದ್ರ ಎಬ್ಬಸ್ತೀರಿಲ್ರಿ?”

“ನಾ ಅದೇನಿ, ಮಕ್ಕೋ,” ಎಂದೆ.

ಅವಳು ನಿದ್ದೆಹೋದಳು. ಯಂತ್ರ ತನ್ನ ಕೆಲಸ ಮಾಡುತ್ತಿತ್ತು, ಗೊರಕೆ ಇರಲಿಲ್ಲ, ಎದೆ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಎಲ್ಲ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಸದ್ದಿಲ್ಲದ ನಿದ್ದೆ ನನ್ನನ್ನು ಹೆದರಿಸುತ್ತಿತ್ತು. ಮುಂದಿನ ಕೇಸ್ ಮೇಜಿನ ಮೇಲೆ ಬಂದಿದೆ ಎಂದು ಚಾಚಾ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ಕಾಯಲಿ ಎಂದು ಕಣ್ಣಿನಲ್ಲೇ ಹೇಳಿದೆ. ಕೈ ತೆಗೆಯುವ ಹಾಗಿರಲಿಲ್ಲ, ನನ್ನ ಎರಡು ಬೆರಳು, ಮುದುಕಿಯ ಹಾಗೆಯೇ, ಅವಳ ದವಡೆಯ ಮೂಲೆಯ ಹಿಂದಿದ್ದವು.